ಮನೆ ನಾಯಿಗೆ ಮರಿ ಮಾಡಿಸೋ ಮುಂಚೆ

ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಎಂಟು ಲ್ಯಾಬ್ರಡಾರ್ ಮರಿ ಉಚ್ಚೆ ಹೊಯ್ಯುತ್ತಾ ಓಡಾಡಿದರೆ ಹೇಗಿರುತ್ತೆ, ಮೊದಲು ಅದನ್ನು ಯೋಚಿಸಿ. ‘ಒಂದ್ಸಲ ಮರಿ ಹಾಕಿದ್ರೆ ಅದರ ಆರೋಗ್ಯಕ್ಕೆ ಒಳ್ಳೇದು’ ಅನ್ನೋದೆಲ್ಲ ಸುಮ್ನೆ ಮಾತು. ನಾಯಿಗೆ ಎರಡು ವರ್ಷ ತುಂಬಿದ ಮೇಲೆ ಸೊಂಟದ ಎಕ್ಸ್‌ರೇ ತೆಗೆಸಿ. ಕೀಲು ಸರಿ ಇಲ್ಲ ಅಂದರೆ ಅಲ್ಲಿಗೇ ಬಿಡಿ, ಆ ತೊಂದರೆ ಮರಿಗಳಿಗೂ ಬರಬಹುದು.

ಬಸಿರು ಸುಮಾರು 63 ದಿನ. ಹೆರಿಗೆಯಲ್ಲಿ ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬರಲಿಲ್ಲ ಅಂದರೆ ಕಾಯಬೇಡಿ, ಡಾಕ್ಟರ ಹತ್ತಿರ ಓಡಿ; ಜುಲೈ ಮಳೆಯ ನಡುರಾತ್ರಿ ರಿಕ್ಷಾ ಸಿಗಲ್ಲ, ಹಾಗಾಗಿ ಗಾಡಿಯನ್ನೂ ಸಿಸೇರಿಯನ್ ದುಡ್ಡನ್ನೂ ಮೊದಲೇ ಹೊಂದಿಸಿಡಿ.

ಎಂಟು ವಾರ ತುಂಬುವ ತನಕ ಮರಿ ಕೊಡಬೇಡಿ. ‘ನಂಗೊಂದು ಇರಲಿ’ ಅಂದವರು ಆಮೇಲೆ ಫೋನೇ ಎತ್ತಲ್ಲ, ಉಳಿದ ಮರಿಗಳೆಲ್ಲ ನಿಮ್ಮವೇ.