ಮುಂಬಾಗಿಲು, ಪಡಸಾಲೆಗೆ ನೀವೇ ಬಣ್ಣ ಹೊಡೆಯುವುದಾದರೆ

ಚಿಕ್ಕಮಗಳೂರಿನ ಕಡೆ ಬಣ್ಣ ಹೊಡೆಯಲು ಜನವರಿಯಿಂದ ಮಾರ್ಚ್ ಒಳ್ಳೇ ಸಮಯ. ದೀಪಾವಳಿಗೇ ಆಗಬೇಕು ಅಂತ ಅವಸರ ಮಾಡಬೇಡಿ, ಗೋಡೆಯೊಳಗೆ ಇನ್ನೂ ತೇವ ಇರಬಹುದು. ಅನುಮಾನ ಇದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಒಳಮೈಯಲ್ಲಿ ಹನಿ ಕೂತಿದ್ದರೆ ಇನ್ನೂ ಕಾಯಬೇಕು.

ಬೂಷ್ಟಿನ ಮೇಲೆ ಸುಮ್ನೆ ಬಣ್ಣ ಬಳಿದರೆ ಮಳೆಗಾಲಕ್ಕೆ ಮತ್ತೆ ಎದ್ದು ಬರುತ್ತದೆ. ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಉಜ್ಜಿ, ತೊಳೆದು, ಚೆನ್ನಾಗಿ ಒಣಗಿಸಿ. ಅದಕ್ಕೆ ಆ್ಯಸಿಡ್ ಮಾತ್ರ ಬೆರೆಸಲೇಬೇಡಿ. ಆಮೇಲೆ ಪುಟ್ಟಿ (ಗೋಡೆ ನಯ ಮಾಡುವ ಲೇಪ), ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಬಳಿಯುವುದು), 2 ಕೋಟ್ ಎಮಲ್ಷನ್ (ನೀರು ಬೆರೆಸುವ ಗೋಡೆ ಬಣ್ಣ). ಇದು ಎಲ್ಲರಿಗೂ ಗೊತ್ತಿರುವುದೇ.

ಜಾಸ್ತಿ ಗಮನ ಬೇಕಿರುವುದು ಹೊಸ್ತಿಲಿಗೆ. ವರ್ಷಗಟ್ಟಲೆ ಅರಿಶಿನ, ಕುಂಕುಮ, ಎಣ್ಣೆ ಕೂತಿರುತ್ತದೆ ಅಲ್ವಾ? ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ. ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಒರೆಸುತ್ತಾ ಹೋಗಿ. ಬಟ್ಟೆಗೆ ಹಳದಿ ಹತ್ತುವುದು ನಿಂತ ಮೇಲೆ ಸ್ಯಾಂಡ್ ಪೇಪರ್ ಹಿಡಿಯಿರಿ. ಹಳೇ ಮನೆಯ ಎನಾಮೆಲ್‌ನಲ್ಲಿ, ಅಂದರೆ ಮರಕ್ಕೆ ಹೊಡೆಯುವ ಎಣ್ಣೆ ಬಣ್ಣದಲ್ಲಿ, ಸೀಸ ಇರಬಹುದು. ಅದಕ್ಕೇ ನೀರು ಹಚ್ಚಿಯೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಬಾಗಿಲಿಗೆ ಬೆಳಗ್ಗೆಯೇ ಎನಾಮೆಲ್ ಹೊಡೆದುಬಿಡಿ, ತೆಳ್ಳಗೆ. ರಾತ್ರಿ ಮುಚ್ಚುವ ಹೊತ್ತಿಗೆ ಕೈಗೆ ಅಂಟಬಾರದು. ಹೊಸ್ತಿಲನ್ನು ಮಾತ್ರ ಕೊನೆಗೆ, ಎಲ್ಲರೂ ಮಲಗುವ ಮುಂಚೆ ಮುಗಿಸಿ, ರಾತ್ರಿ ಯಾರೂ ತುಳಿಯದೆ ಒಣಗಲಿ.