ಪವರ್‌ಬಾಲ್ ನಂಬರ್‌ಗಳನ್ನು ನಾನು ಬ್ಯಾಕ್‌ಟೆಸ್ಟ್ ಮಾಡಿದ ಬಗೆ

ಅಮೆರಿಕದಲ್ಲಿರುವ ನಮ್ಮ ಗೆಳೆಯರ ಬಳಗದಲ್ಲಿ ಪವರ್‌ಬಾಲ್ ಲಾಟರಿಯ ಜಾಕ್‌ಪಾಟ್ (ಮೊದಲ ಬಹುಮಾನ) ದೊಡ್ಡದಾದಾಗಲೆಲ್ಲ ‘ಹಾಟ್ ನಂಬರ್ ಯಾವುದು?’, ಅಂದರೆ ಇತ್ತೀಚೆಗೆ ಜಾಸ್ತಿ ಬಂದಿರುವ ನಂಬರ್ ಯಾವುದು, ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ಡೇಟಾ ನನ್ನ ಕೆಲಸ. ಹಾಗಾಗಿ ಹಳೆಯ ಫಲಿತಾಂಶಗಳ ಮೇಲೆ ಪರೀಕ್ಷಿಸಿ (ಇದಕ್ಕೇ ಬ್ಯಾಕ್‌ಟೆಸ್ಟ್ ಅನ್ನೋದು) ಲೆಕ್ಕ ಹಾಕಿಯೇ ನೋಡೋಣ ಎಂದು ಕೂತೆ.

ನ್ಯೂಯಾರ್ಕ್ ರಾಜ್ಯದ ಓಪನ್ ಡೇಟಾ ತಾಣದಲ್ಲಿ 2010ರಿಂದೀಚಿನ ಫಲಿತಾಂಶಗಳು ಪುಕ್ಕಟೆ ಸಿಗುತ್ತವೆ. ಆದರೆ ಎಲ್ಲವನ್ನೂ ಒಟ್ಟಿಗೆ ಸುರಿದುಕೊಂಡು ಎಣಿಸಬಾರದು. ಪ್ರತಿ ಡ್ರಾದಲ್ಲಿ ಐದು ಬಿಳಿ ಚೆಂಡು, ಒಂದು ಕೆಂಪು ಚೆಂಡು ಎತ್ತುತ್ತಾರೆ. 2015ರ ಅಕ್ಟೋಬರ್‌ನಲ್ಲಿ ಬಿಳಿ ಚೆಂಡುಗಳು 59ರಿಂದ 69ಕ್ಕೆ ಏರಿದವು, ಕೆಂಪು ಚೆಂಡುಗಳು 35ರಿಂದ 26ಕ್ಕೆ ಇಳಿದವು. ಹಳೆಯದನ್ನೂ ಸೇರಿಸಿದರೆ 59ರ ಮೇಲಿನ ನಂಬರ್‌ಗಳೆಲ್ಲ ಸುಮ್ನೆ ‘ಕೋಲ್ಡ್’ (ಕಡಿಮೆ ಬಂದವು) ಆಗಿ ಕಾಣುತ್ತವೆ. ಅದಕ್ಕೇ 2015ರ ಬದಲಾವಣೆಯ ನಂತರದ್ದನ್ನು ಮಾತ್ರ ಇಟ್ಟುಕೊಂಡೆ.

1000 ಡ್ರಾ ನಡೆದರೆ ಒಂದೊಂದು ಬಿಳಿ ನಂಬರ್ ಸರಾಸರಿ 72 ಸಲ ಬರಬೇಕು. ಹಾಗಂತ ಎಲ್ಲವೂ 72ರಲ್ಲೇ ನಿಲ್ಲುವುದಿಲ್ಲ. ಕಂಪ್ಯೂಟರ್‌ನಲ್ಲಿ 1000 ನಕಲಿ ಡ್ರಾ ಮಾಡಿ ನೋಡಿ. ಒಂದು ನಂಬರ್ 90ರ ಆಸುಪಾಸು ಹೋಗಿರುತ್ತದೆ, ಇನ್ನೊಂದು 50ರ ಆಸುಪಾಸಿನಲ್ಲೇ ಉಳಿದಿರುತ್ತದೆ. ಯಾವ ಟ್ರೆಂಡೂ ಇಲ್ಲದೆಯೇ ಇಷ್ಟು ಅಂತರ! ಅಸಲಿ ಗ್ರಾಫನ್ನೂ ನಕಲಿ ಗ್ರಾಫನ್ನೂ ಪಕ್ಕಪಕ್ಕ ಇಟ್ಟೆ. ಯಾವುದು ಯಾವುದು ಅಂತ ಗುರುತಿಸಲು ಆಗಲಿಲ್ಲ. ಈ ಏರಿಳಿತ ಬರೀ ಆಕಸ್ಮಿಕವೇ ಎಂದು ಅಳೆಯುವ ಕೈ-ಸ್ಕ್ವೇರ್ ಪರೀಕ್ಷೆ ಮಾಡುವವರಿಗೆ ಒಂದು ಮಾತು: ಒಂದೇ ಡ್ರಾದಲ್ಲಿ ಅದೇ ಚೆಂಡು ಎರಡು ಸಲ ಬರುವುದಿಲ್ಲ, ಆದ್ದರಿಂದ ಬಂದ ಉತ್ತರವನ್ನು 68/64ರಿಂದ ಗುಣಿಸಬೇಕು.

ಬ್ಯಾಕ್‌ಟೆಸ್ಟ್‌ನಲ್ಲಿ ನಾನು ಇಟ್ಟುಕೊಂಡ ಕಟ್ಟುನಿಟ್ಟು ಒಂದೇ. ಯಾವ ಡ್ರಾಕ್ಕೆ ನಂಬರ್ ಆರಿಸುತ್ತೇನೋ, ಅದರ ಹಿಂದಿನ ಡ್ರಾಗಳನ್ನು ಬಿಟ್ಟು ಬೇರೇನನ್ನೂ ಪ್ರೋಗ್ರಾಂ ನೋಡಕೂಡದು. ಹಿಂದಿನ 100 ಡ್ರಾದಲ್ಲಿ ಜಾಸ್ತಿ ಬಂದ ಐದು ನಂಬರ್ ಆರಿಸು, ಮುಂದಿನ ಡ್ರಾದಲ್ಲಿ ಎಷ್ಟು ಹೊಂದಿತು ಬರೆದುಕೋ, ಒಂದು ಹೆಜ್ಜೆ ಮುಂದೆ ಹೋಗು. ಪಕ್ಕದ ಕಾಲಂನಲ್ಲಿ ಕಣ್ಣುಮುಚ್ಚಿ ಆರಿಸಿದ ಐದು ನಂಬರ್. ಕಣ್ಣುಮುಚ್ಚಿ ಆರಿಸಿದರೆ ಡ್ರಾಗೆ ಸರಾಸರಿ 0.36 ನಂಬರ್ ಹೊಂದುತ್ತದೆ. ಹಾಟ್ ನಂಬರ್‌ಗಳದ್ದೂ ಅಲ್ಲೇ ಬಂದು ನಿಂತಿತು. ಕೋಲ್ಡ್‌ದೂ ಅಷ್ಟೇ.

20, 50, 100, 200 ಡ್ರಾ ಅಂತ ಬೇರೆ ಬೇರೆ ಅಳತೆಯಲ್ಲೂ ನೋಡಿದೆ. ಯಾವುದೋ ಒಂದು ಮುಂದಿರಲೇಬೇಕು ಅಲ್ವಾ, ಇತ್ತು. ಆದರೆ ಈ ಹೋಲಿಕೆಗೆ ಬಳಸದೆ ಎತ್ತಿಟ್ಟಿದ್ದ ಉಳಿದ ಡ್ರಾಗಳ ಮೇಲೆ ಓಡಿಸಿದಾಗ ಅದೂ 0.36ರ ಹತ್ತಿರಕ್ಕೇ ಇಳಿಯಿತು. ‘ನನ್ನ ಸಿಸ್ಟಂ ಗೆದ್ದಿದೆ’ ಎಂದು ದುಡ್ಡು ಕೇಳುವವರು ಈ ಎರಡನೇ ಹಂತವನ್ನು ತೋರಿಸುವುದೇ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. 2 ಡಾಲರ್ ಟಿಕೆಟ್‌ನಲ್ಲಿ ಜಾಕ್‌ಪಾಟ್ ಬಿಟ್ಟು ಉಳಿದ ಬಹುಮಾನಗಳಿಂದ ಸರಾಸರಿ ಮರಳುವುದು ಸುಮಾರು 32 ಸೆಂಟ್. ಜಾಕ್‌ಪಾಟ್ ಸಿಗುವ ಸಾಧ್ಯತೆ 29,22,01,338ರಲ್ಲಿ ಒಂದು.

ನಂಬರ್ ಆಯ್ಕೆಯಿಂದ ಬದಲಾಗುವುದು ಒಂದೇ: ಗೆದ್ದರೆ ಜಾಕ್‌ಪಾಟನ್ನು ಎಷ್ಟು ಜನರೊಂದಿಗೆ ಹಂಚಿಕೊಳ್ಳಬೇಕು ಅನ್ನೋದು. 2005ರ ಮಾರ್ಚ್‌ನಲ್ಲಿ ಎರಡನೇ ಬಹುಮಾನಕ್ಕೆ 110 ಜನ ಬಂದಿದ್ದರು. ಫಾರ್ಚೂನ್ ಕುಕಿ ಎಂಬ ಬಿಸ್ಕತ್ತಿನೊಳಗಿನ ಭವಿಷ್ಯದ ಚೀಟಿಯಲ್ಲಿದ್ದ ನಂಬರ್‌ಗಳನ್ನು ಎಷ್ಟೋ ಜನ ಹಾಗೇ ಬರೆದಿದ್ದರು. ಹುಟ್ಟುಹಬ್ಬದ ತಾರೀಖು ಹಾಕುವವರೂ ಬಹಳ. ಐದೂ ನಂಬರ್ 31ರ ಒಳಗೇ ಬಂದ ಡ್ರಾಗಳಲ್ಲಿ ಸಣ್ಣ ಬಹುಮಾನ ಗೆದ್ದವರು ಜಾಸ್ತಿ ಇದ್ದಾರಾ ಅಂತ ಈಗ ಎಣಿಸುತ್ತಿದ್ದೇನೆ. ಜಾಕ್‌ಪಾಟ್ ಏರಿದಾಗ ಟಿಕೆಟ್ ಮಾರಾಟವೂ ಏರುತ್ತದೆ, ಹಾಗಾಗಿ ಮೊದಲು ಅದನ್ನು ಸರಿದೂಗಿಸಬೇಕು. ಸದ್ಯ ಆ ಕೆಲಸವೇ ನಡೆದಿದೆ.