ನಮ್ಮ ಕ್ವಾಯರ್‌ಗೆ ಹೊಸ ದನಿಗಳು ಸಿಕ್ಕಿದ್ದು ಹೀಗೆ

ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಮೈಕಿನಲ್ಲಿ "ಹಾಡೋ ಆಸಕ್ತಿ ಇರುವವರು ಹೆಸರು ಕೊಡಿ" ಅಂದರೆ ಯಾರೂ ಮುಂದೆ ಬರುವುದಿಲ್ಲ. ಚೆನ್ನಾಗಿ ಹಾಡುವವರಿಗೇ ಸಂಕೋಚ ಜಾಸ್ತಿ. ಬಳ್ಳಾರಿಯ ನಮ್ಮ ಚರ್ಚಿನಲ್ಲಿ ಕ್ವಾಯರ್, ಅಂದರೆ ಹಾಡುವ ತಂಡ, ನೋಡಿಕೊಳ್ಳುವ ನಾನು, ಹೊಸಬರನ್ನು ಒಬ್ಬೊಬ್ಬರನ್ನಾಗಿ ಹುಡುಕಿ, ಹತ್ತಿರ ಹೋಗಿ ಕರೆಯುತ್ತೇನೆ.

ಹುಡುಕೋಕೆ ಒಳ್ಳೆಯ ಹೊತ್ತು ಪರಮಪ್ರಸಾದದ್ದು, ಅಂದರೆ ಜನ ಸಾಲಾಗಿ ಬಂದು ಪವಿತ್ರ ರೊಟ್ಟಿ ಸ್ವೀಕರಿಸುವಾಗ. ಸಾಲು ನಮ್ಮ ಪಕ್ಕದಲ್ಲೇ ನಿಧಾನವಾಗಿ ಸಾಗುತ್ತದೆ. ಯಾರ ಕೈಯಲ್ಲೂ ಪುಸ್ತಕ ಇರುವುದಿಲ್ಲ, ಬಾಯಿಪಾಠ ಇದ್ದವರು ಮಾತ್ರ ಹಾಡುತ್ತಾರೆ. ಒಬ್ಬೊಬ್ಬರ ದನಿ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ. ಹಾಗೆ ಸಿಕ್ಕವರು ತೆಲುಗು ಮನೆಮಾತಿನ ಒಬ್ಬ ಅಕ್ಕ. "ಅಕ್ಕಾ, ಮುಂದಿನ ಭಾನುವಾರ ಇದೊಂದು ಹಾಡಿಗೆ ನಮ್ಮ ಜೊತೆ ನಿಲ್ತೀರಾ?" ಅಂದೆ. "ನನಗೆ ಕನ್ನಡ ಓದೋಕೆ ಬರಲ್ಲಪ್ಪಾ" ಅಂದರು.

1953ರವರೆಗೆ ಮದ್ರಾಸಿಗೆ ಸೇರಿದ್ದ ಊರು ನಮ್ಮದು. ಇಲ್ಲಿ ಕನ್ನಡ ಸರಾಗವಾಗಿ ಮಾತಾಡಿ, ತೆಲುಗು ಮಾತ್ರ ಓದುವವರು ಸಾಕಷ್ಟು ಮಂದಿ ಇದ್ದಾರೆ. ಅವರನ್ನು ಬಿಟ್ಟು ಕ್ವಾಯರ್ ಕಟ್ಟೋಕೆ ಮನಸ್ಸು ಬರಲಿಲ್ಲ. ಆ ಹಾಡಿನ ಕನ್ನಡ ಪದಗಳನ್ನೇ ತೆಲುಗು ಅಕ್ಷರದಲ್ಲಿ ಬರೆದುಕೊಟ್ಟೆ. ಎರಡೂ ಲಿಪಿ ಅಕ್ಕತಂಗಿಯರ ಹಾಗೆ, ತಲೆಕಟ್ಟು, ಕೆಲವು ಅಕ್ಷರ ಮತ್ತು ಒತ್ತಕ್ಷರ ಬೇರೆ ಅಷ್ಟೇ. ದಪ್ಪ ಅಕ್ಷರದಲ್ಲಿ ಬರೆದು, ಉಸಿರು ತೆಗೆದುಕೊಳ್ಳುವ ಕಡೆ ಒಂದು ಬೆರಳಿನಷ್ಟು ಜಾಗ ಬಿಟ್ಟೆ. ಈಗ ಕನ್ನಡ ಓದಬಲ್ಲ ಮಕ್ಕಳೂ ಹಾಳೆಯಲ್ಲಿ ಆ ಜಾಗ ಬಿಡಿ ಅಂತ ಕೇಳುತ್ತಾರೆ.

ಹೊಸಬರನ್ನು ಒಂಟಿಯಾಗಿ ನಿಲ್ಲಿಸಿ ಪರೀಕ್ಷೆ ಮಾಡಬಾರದು. ಇಬ್ಬರು ಹಳಬರ ನಡುವೆ ಕೂರಿಸಿ, ಅವರಿಗೆ ಗೊತ್ತಿರುವ ಹಾಡನ್ನೇ ಎತ್ತಿಕೊಳ್ಳುತ್ತೇನೆ. ಕಂಠ ಎಲ್ಲಿ ಬಿಗಿಯುತ್ತದೆ, ಎಲ್ಲಿ ಇಳಿಯಲಾರದು ಎಂದು ಕೀಬೋರ್ಡಿನಲ್ಲಿ ಶ್ರುತಿ ಬದಲಿಸಿ ನೋಡಿದರೆ ಸಾಕು. ಹದಿಮೂರು ಹದಿನಾಲ್ಕರ ಹುಡುಗರ ದನಿ ಒಡೆಯುತ್ತಿದ್ದರೆ ಮೇಲಿನ ಸ್ವರಕ್ಕೆ ಒತ್ತಾಯ ಬೇಡವೇ ಬೇಡ. ತಬಲಾ, ತಾಳ ಕೊಟ್ಟು ಜೊತೆಯಲ್ಲೇ ಇಟ್ಟುಕೊಳ್ಳಿ. ಕಂಠ ಕೂತ ಮೇಲೆ ಅವರೇ ಹಾಡುತ್ತಾರೆ.

ಡಿಸೆಂಬರಿನಲ್ಲಿ ಸೇರಿಸಿಕೊಂಡರೆ ಕ್ರಿಸ್ಮಸ್ ಗಡಿಬಿಡಿಯಲ್ಲಿ ಹೊಸಬರನ್ನು ಯಾರೂ ಕೇಳುವುದಿಲ್ಲ. ಸೆಪ್ಟೆಂಬರ್ 8ರ, ಯೇಸುವಿನ ತಾಯಿ ಮರಿಯಮ್ಮನ ಹಬ್ಬಕ್ಕೆ ಮುಂಚಿನ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಸರಿಯಾದ ಕಾಲ. ಒಂಬತ್ತು ಸಂಜೆಯೂ ನಾವು ಅವೇ ಹಾಡು ಇಟ್ಟುಕೊಳ್ಳುತ್ತೇವೆ. ಭಾನುವಾರದಷ್ಟು ಜನ ಇರುವುದಿಲ್ಲ. ಮೊದಲ ದಿನ ತುಟಿ ಅಲ್ಲಾಡಿಸಿದವರು ಹಬ್ಬದ ಹೊತ್ತಿಗೆ ಹಾಳೆ ನೋಡದೆ ಹಾಡುತ್ತಾರೆ.

ಅಭ್ಯಾಸದ ಸಮಯಕ್ಕೂ ಹೊಸಬರು ಸೇರುವುದಕ್ಕೂ ನೇರ ಸಂಬಂಧ. ರಾತ್ರಿ ಇಟ್ಟರೆ ಹೆಣ್ಣುಮಕ್ಕಳನ್ನು ಮನೆಯವರು ಕಳಿಸುವುದಿಲ್ಲ. ತೋರಣಗಲ್ಲಿನ ಕಾರ್ಖಾನೆಗೆ ಹೋಗುವವರಿಗೆ ಶಿಫ್ಟು. ಅದಕ್ಕೇ ಭಾನುವಾರ ಪೂಜೆ ಆದ ಕೂಡಲೇ ಅಭ್ಯಾಸ. ಹಾಡುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕುತ್ತೇವೆ, ತಪ್ಪಿಸಿಕೊಂಡವರು ಕೇಳಿಕೊಳ್ಳುತ್ತಾರೆ. ಹಾಡಿ ದಣಿದವರಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಅದನ್ನು ತಿನ್ನುವಾಗಲೇ ಹೊಸಬರು ಹಳಬರ ಜೊತೆ ಬೆರೆಯುವುದು.

ಒಳ್ಳೆಯ ದನಿಗಳನ್ನೆಲ್ಲ ನಾನು ಕ್ವಾಯರ್‌ಗೆ ಎಳೆದುಕೊಳ್ಳುವುದಿಲ್ಲ. ಕಥೋಲಿಕ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಪೂಜಾವಿಧಿಯ ದಸ್ತಾವೇಜು ಗಾಯನ ವೃಂದಗಳನ್ನು ಬೆಳೆಸಿ ಅನ್ನುತ್ತದೆ. ಅದರ ಜೊತೆಗೇ ಪೂಜೆಗೆ ಸೇರಿದ ಜನರೆಲ್ಲ ಹಾಡಿನಲ್ಲಿ ಪಾಲುಗೊಳ್ಳಬೇಕು ಅಂತಲೂ ಹೇಳುತ್ತದೆ. ಹಿಂದಿನ ಸಾಲಿನಲ್ಲಿ ಕೂರುವ ಹಿರಿಯರೊಬ್ಬರದು ಗಟ್ಟಿ ಕಂಠ. ಅವರು ಎತ್ತಿಕೊಂಡರೆ ಬಾಗಿಲವರೆಗೂ ಎಲ್ಲರೂ ಹಾಡುತ್ತಾರೆ. ಅವರು ಅಲ್ಲೇ ಇರಬೇಕು. ಕೀರ್ತನೆಯಲ್ಲಿ ಜನರೆಲ್ಲ ಹಾಡುವ ಪಲ್ಲವಿಯನ್ನು ಶನಿವಾರವೇ ಅವರ ಮನೆಗೆ ಮುಟ್ಟಿಸುತ್ತೇನೆ.